ಡಬ್ಬಿ ಹಂಚಿಕೊಂಡು ತಿನ್ನುವ ಗೆಳತಿ ಬರೆದ ತಪ್ಪು ಅಂಕಿಗೆ ನಾನು ಸಹಿ ಹಾಕಿದ್ದೇನೆ. ಸೋಮವಾರ ಏನು ಹೇಳಲಿ?

ಕಿಟಕಿ_ಸೀಟು | ಶುಕ್ರವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೇನೆ, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಗ್ರೇಡ್ ಮಾಡುವ ಕಾರ್ಖಾನೆ. ತೋಟದಿಂದ ಬಂದ ಮಾಲು ಇಳಿಸಿಕೊಳ್ಳುವ ವಿಭಾಗ. ತೂಕ, ಸ್ಯಾಂಪಲ್, ಮಾಯಿಶ್ಚರ್ (ತೇವಾಂಶ) ಎಲ್ಲ ನಮ್ಮ ರಿಜಿಸ್ಟರಿನಲ್ಲೇ ಬರೆಯುವುದು.

ನಾನು ಮತ್ತು ನನ್ನ ಗೆಳತಿ 8 ವರ್ಷದ ಹಿಂದೆ ಒಂದೇ ವಾರ ಕೆಲಸಕ್ಕೆ ಸೇರಿದವರು. ನಾನು ಆಲ್ದೂರಿನಲ್ಲಿ ಬಸ್ಸು ಹತ್ತುತ್ತೇನೆ, ಅವಳು ವಸ್ತಾರೆಯಲ್ಲಿ. ಅವಳಿಗೆ ಸೀಟು ಹಿಡಿದಿಡುವುದು ನನ್ನ ಕೆಲಸ. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಟ್ಟಿಗೇ ತೆರೆಯುತ್ತದೆ. ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ 11 ರಾತ್ರಿ ನನ್ನ ಜೊತೆ ನೆಲದ ಮೇಲೆ ಮಲಗಿದವಳು ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ‘ಜೊತೆಗೆ ಕೆಲಸ ಮಾಡುವವಳು’ ಅಂತ ಬರೆದರೆ ನನ್ನ ಕಷ್ಟ ನಿಮಗೆ ಗೊತ್ತಾಗುವುದಿಲ್ಲ.

ಹೋದ ಜೂನ್‌ನಲ್ಲಿ ನನ್ನನ್ನು ಇನ್‌ಚಾರ್ಜ್ ಮಾಡಿದರು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು, ಸ್ವೀಟ್ ತಂದು ಹಂಚಿದ್ದಳು.

ಜನವರಿಯಲ್ಲಿ ಒಂದು ತೋಟದಿಂದ 200 ಚೀಲ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಬಂತು. ಅವಳು ಮಾಯಿಶ್ಚರ್ 10.5 ಪರ್ಸೆಂಟ್ ಅಂತ ಬರೆದಳು, ನಾನು ಪಕ್ಕದಲ್ಲಿ ಸಹಿ ಹಾಕಿದೆ. ಮೊನ್ನೆ ಗೋಡೌನಿನಲ್ಲಿ ಅದೇ ಲಾಟಿನ ಸ್ಯಾಂಪಲ್ ನೋಡಿದರೆ 12 ಇದೆ. ಅವಳನ್ನು ಕೇಳಿದೆ. ‘ಅವತ್ತು ಲಾರಿ ಸಾಲಾಗಿ ನಿಂತಿದ್ದವು ಕಣೇ, ಅದೇ ತೋಟದ ಹಿಂದಿನ ಲಾಟು 10.5 ಇತ್ತು, ಅದನ್ನೇ ಬರೆದೆ’ ಅಂದಳು. ಅಂದರೆ ಮೀಟರಿಗೆ ಹಾಕಿಯೇ ಇಲ್ಲ.

ಮ್ಯಾನೇಜರ್ ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಕರೆದಿದ್ದಾರೆ. ‘ಮೀಟರ್ ಸರಿಯಿರಲಿಲ್ಲ ಅಂತ ಹೇಳಿಬಿಡೋಣ, ಇಬ್ಬರೂ ಉಳಿದುಕೊಳ್ಳುತ್ತೇವೆ’ ಅನ್ನುತ್ತಾಳೆ. ನಿಜ ಹೇಳಿದರೆ ಅವಳ ಕೆಲಸಕ್ಕೆ ಕುತ್ತು. ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮುಳ್ಳಯ್ಯನಗಿರಿ_ಗಾಳಿ | 9:20

ಮೀಟರ್ ಅಂತ ಹೇಳಿ ಮುಗಿಸಿ ಅಕ್ಕ. 11 ರಾತ್ರಿ ಜೊತೆಗಿದ್ದವರನ್ನು ಒಂದೂವರೆ ಪರ್ಸೆಂಟಿಗೆ ಬಿಟ್ಟುಕೊಡುವುದಾ?

ಪಲ್ಪರ್_ಮನೆ | 9:34

ಒಂದೂವರೆ ಪರ್ಸೆಂಟ್ ಅಂದರೆ ಎಷ್ಟು ಅಂತ ಲೆಕ್ಕ ಹಾಕಿದ್ದೀರಾ? ನಾನು ಬೆಳೆಗಾರ, ಅದಕ್ಕೇ ಹೇಳುತ್ತಿದ್ದೇನೆ. ಚೀಲಕ್ಕೆ 50 ಕೆ.ಜಿ. ಹಿಡಿದರೆ 200 ಚೀಲ 10,000 ಕೆ.ಜಿ. 12ರಲ್ಲಿದ್ದ ಮಾಲು 10.5ಕ್ಕೆ ಒಣಗುವಷ್ಟರಲ್ಲಿ ಸುಮಾರು 168 ಕೆ.ಜಿ. ನೀರು ಹೋಗಿರುತ್ತದೆ. ಮೂರು ಚೀಲಕ್ಕಿಂತ ಜಾಸ್ತಿ. ನಾಳೆ ಔಟ್‌ಟರ್ನ್ (ಹೊಟ್ಟು ತೆಗೆದ ಮೇಲೆ ಸಿಗುವ ಬೀಜದ ತೂಕ) ಕಡಿಮೆ ಬಂದಾಗ ತೋಟದವನು ‘ಕ್ಯೂರಿಂಗಿನವರು ಹೊಡೆದುಕೊಂಡರು’ ಅನ್ನುತ್ತಾನೆ. ಅವನ ಕೈಯಲ್ಲಿ ನಿಮ್ಮ 10.5ರ ಚೀಟಿ ಇರುತ್ತದೆ.

ತೂಕ ಹಾಗಿರಲಿ. ಹಸಿ ಮಾಲು ಅಟ್ಟಿಯಲ್ಲಿ ಕೂತರೆ ಬೂಸ್ಟು ಹಿಡಿಯುತ್ತದೆ, ಬೀಜ ಬಿಳಿಚಿಕೊಳ್ಳುತ್ತದೆ. ಆಗ ಪಕ್ಕದ ಅಟ್ಟಿಯವನಿಗೂ ನಷ್ಟ.

ಮುಳ್ಳಯ್ಯನಗಿರಿ_ಗಾಳಿ | 9:41

ಕಾಫಿ ತೇವ ಎಳೆದುಕೊಳ್ಳುತ್ತದೆ ಅಲ್ವಾ ಸರ್. ಗೋಡೌನಿನಲ್ಲೇ 12 ಆಗಿರಬಹುದಲ್ಲ? ಮಾನ್ಸೂನ್ಡ್ ಮಲಬಾರ್ ಮಾಡುವುದೇ ಹಾಗೆ.

ಪಲ್ಪರ್_ಮನೆ | 9:50

ಅದು ಕರಾವಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಳಿಗೆ ಒಡ್ಡಿ ಮಾಡುವ ಕೆಲಸ. ಚಿಕ್ಕಮಗಳೂರಿನ ಫೆಬ್ರವರಿ ಬಿಸಿಲಿನಲ್ಲಿ, ಮುಚ್ಚಿದ ಗೋಡೌನಿನಲ್ಲಿ, ಕೆಲವೇ ವಾರದಲ್ಲಿ ಒಂದೂವರೆ ಏರುವುದಿಲ್ಲ. ಆ ಹುಡುಗಿಯೇ ಅಳತೆ ಮಾಡಿಲ್ಲ ಅಂತ ಒಪ್ಪಿಕೊಂಡಿದ್ದಾಳಲ್ಲ, ಮತ್ತೆ ಯಾಕೆ ಈ ವಾದ?

ನಿವೃತ್ತ_ಕ್ಯಾಷಿಯರ್ | 10:15

ಮಗಳೇ, ನನ್ನದೊಂದು ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ.

ನಾನು ಹಾಸನ ಜಿಲ್ಲೆಯ ಒಂದು ಹೋಬಳಿಯಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದೆ. ನಗದು ಇಡುವ ಸೇಫಿಗೆ ಎರಡು ಕೀ. ಒಂದು ನನ್ನ ಹತ್ತಿರ, ಇನ್ನೊಂದು ಆಫೀಸರ ಹತ್ತಿರ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆಗೆಯಬೇಕು. ಆಫೀಸರು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಅಣ್ಣನ ಹಾಗೆ. ಹಬ್ಬಕ್ಕೆ ಅವರ ಮನೆಯಲ್ಲೇ ಊಟ. ಅವರ ಮಗಳನ್ನು ಶಾಲೆಯಿಂದ ಕರೆತರುವ ಹೊತ್ತಿಗೆ ಒಂದು ದಿನ ಕೀ ನನ್ನ ಕೈಗೆ ಕೊಟ್ಟು ಹೋದರು. ಆಮೇಲೆ ಅದೇ ರೂಢಿಯಾಯಿತು. ನನಗೂ ಹೆಮ್ಮೆ, ಎಷ್ಟು ನಂಬುತ್ತಾರೆ ನೋಡಿ ಅಂತ.

ಒಂದು ಸಂಜೆ ಲೆಕ್ಕಕ್ಕೆ ಒಂದು ಕಟ್ಟು ಕಡಿಮೆ ಬಂತು. ರಾತ್ರಿ ಒಂಬತ್ತರವರೆಗೆ ಎಣಿಸಿದೆವು. ಸಿಗಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಇಡೀ ರಾತ್ರಿ ನಿದ್ದೆ ಇಲ್ಲ. ಅವರು ನನ್ನನ್ನು ಕಳ್ಳ ಅಂದುಕೊಂಡಿದ್ದಾರಾ? ಇಲ್ಲ, ನನ್ನ ಮೇಲೆ ಹಾಕಲು ಅವರೇ ಏನಾದರೂ ಮಾಡಿದರಾ? ಅಣ್ಣನಂತಿದ್ದವರ ಬಗ್ಗೆ ನಾನು ಅಂಥದ್ದು ಯೋಚಿಸಿದೆ. ಬೆಳಿಗ್ಗೆ ಕಟ್ಟು ಬೇರೆ ಅರೆಯಲ್ಲಿ, ನಾಣ್ಯದ ಚೀಲದ ಹಿಂದೆ ಸಿಕ್ಕಿತು. ಆದರೆ ಆ ರಾತ್ರಿ ನಮ್ಮಿಬ್ಬರ ನಡುವಿನಿಂದ ಹೋಗಲೇ ಇಲ್ಲ. ಎರಡು ಕೀಯ ನಿಯಮವನ್ನು ಪಾಲಿಸಿದ್ದರೆ ಇಬ್ಬರ ಮೇಲೂ ಅನುಮಾನ ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ನಿಮ್ಮ ಸಹಿಯೂ ಒಂದು ಕೀ. ಅದನ್ನು ಅವಳ ಕೈಗೆ ಕೊಟ್ಟುಬಿಟ್ಟಿದ್ದೀರಿ.

ಹೊಲಿಗೆ_ಲೈನ್ | 10:31

ನಾನು ಹಾಸನದ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ನಾನೂ ಟೈಲರ್ ಆಗಿಯೇ ಸೇರಿದ್ದು, ನನ್ನ ಜೊತೆಗೆ ಕೂತು ಹೊಲಿದವರೇ ಈಗ ನನ್ನ ಲೈನಿನಲ್ಲಿದ್ದಾರೆ. ಮೊದಲ ಮೂರು ತಿಂಗಳು ಆಪ್ತ ಗೆಳತಿಗೆ ಲೇಬಲ್ ಹಚ್ಚುವ ಕೆಲಸ ಕೊಡುತ್ತಿದ್ದೆ. ಕಾಲರ್, ಕಫ್ ಬೇರೆಯವರಿಗೆ. ಅವಳಿಗೆ ಕತ್ತು ನೋವು ಇತ್ತು, ಅದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಕತ್ತು ನೋವು ಇನ್ನೂ ನಾಲ್ಕು ಜನಕ್ಕೆ ಇತ್ತು. ಅವರನ್ನು ನಾನು ಕೇಳಿರಲಿಲ್ಲ.

ಒಂದು ದಿನ ಕಾಲರ್ ಹೊಲಿಯುವ ಹುಡುಗಿ ಟಾರ್ಗೆಟ್ ಮುಟ್ಟದೆ ಅಳುತ್ತಾ ಕೂತಳು. ನಾನು ಬೈಯಲು ಹೋದೆ. ‘ಮೇಡಂ, ಒಂದು ವಾರ ನನಗೂ ಲೇಬಲ್ ಕೊಡಿ, ಆಮೇಲೆ ಬೈಯಿರಿ’ ಅಂದಳು. ಲೈನೆಲ್ಲ ಸುಮ್ಮನಾಯಿತು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಕಿಟಕಿ_ಸೀಟು, ನಿಮ್ಮ ವಿಭಾಗದಲ್ಲಿ ಬೇರೆ ಹುಡುಗ ಹುಡುಗಿಯರು ಇದ್ದಾರಾ? ಅವರು ಅಳತೆ ಮಾಡದೆ ಬರೆದಿದ್ದರೆ ನೀವು ಇಲ್ಲಿ ಬಂದು ಕೇಳುತ್ತಿದ್ದಿರಾ, ಇಲ್ಲ ನೇರ ಮ್ಯಾನೇಜರ್ ಹತ್ತಿರ ಹೋಗುತ್ತಿದ್ದಿರಾ?

ಬಿ_ಎಂ_ರಸ್ತೆ | 10:38

ಕೆಲಸದ ಜಾಗದಲ್ಲಿ ಸ್ನೇಹವೇ ಬೇಡ. ಬಂದೆವಾ, ಕೆಲಸ ಮಾಡಿದೆವಾ, ಮನೆಗೆ ಹೋದೆವಾ. 22 ವರ್ಷದಿಂದ ನಾನು ಹಾಗೆಯೇ ಇದ್ದೇನೆ, ಒಂದೂ ತೊಂದರೆ ಇಲ್ಲ.

ಸಕಲೇಶಪುರ_ಸಂಜೆ | 10:44

22 ವರ್ಷ ಒಬ್ಬರ ಜೊತೆಗೂ ಕೂತು ಊಟ ಮಾಡಿಲ್ಲವಾ? ನನ್ನಿಂದ ಆಗುವುದಿಲ್ಲಪ್ಪ.

ಬಿ_ಎಂ_ರಸ್ತೆ | 10:52

ಊಟ ಬೇರೆ, ಸ್ನೇಹ ಬೇರೆ. ನಾನು ಅಕೌಂಟ್ಸ್‌ನಲ್ಲಿರುವುದು. ‘ಅಣ್ಣಾ, ಒಂದು ಸಹಿ ಅಷ್ಟೇ’ ಅಂತ ಬರುವವರು ಎಷ್ಟು ಜನ ಗೊತ್ತಾ? ನಮ್ಮ ಆಫೀಸಿನ ಒಬ್ಬರು ಗೆಳೆಯನ ಸಾಲಕ್ಕೆ ಜಾಮೀನು ಹಾಕಿದರು. ಗೆಳೆಯ ಕೆಲಸ ಬಿಟ್ಟು ಹೋದ. ನೋಟಿಸ್ ಇವರಿಗೆ ಬಂತು. ‘ಮೊದಲು ಅವನನ್ನು ಹಿಡಿಯಿರಿ’ ಅಂತ ಇವರು ಕೂಗಾಡಿದರು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಅವರಿಗೆ ಅದು ಸಹಿ ಹಾಕುವಾಗ ಗೊತ್ತಿರಲಿಲ್ಲ.

ಹೇಮಾವತಿ_ದಡ | 10:58

ಅಯ್ಯೋ, ಹೌದಾ? ನಾನು ನಮ್ಮ ಸೊಸೈಟಿಯಲ್ಲಿ ಇಬ್ಬರಿಗೆ ಜಾಮೀನು ಹಾಕಿದ್ದೇನೆ. ಮೊದಲು ಸಾಲಗಾರನ ಆಸ್ತಿ ನೋಡಿ ಆಮೇಲೆ ನಮ್ಮ ಹತ್ತಿರ ಬರುತ್ತಾರೆ ಅಂದುಕೊಂಡಿದ್ದೆ.

ಬಿ_ಎಂ_ರಸ್ತೆ | 11:03

ಹಾಗೇನೂ ಇಲ್ಲ ಮೇಡಂ. ನಾಳೆಯೇ ಸೊಸೈಟಿಗೆ ಹೋಗಿ ಆ ಇಬ್ಬರ ಕಂತು ಸರಿಯಾಗಿ ಕಟ್ಟಿದೆಯಾ ನೋಡಿ.

ರೈಟ್_ರೈಟ್ | 11:10

ನಾನು ಬಸ್ ಕಂಡಕ್ಟರ್. ಕಡೂರಿನಿಂದ ಬರುವಾಗ ನಮ್ಮ ಡ್ರೈವರ್ ತನ್ನ ಭಾವಮೈದನನ್ನು ಹತ್ತಿಸಿಕೊಂಡು ‘ನಮ್ಮವನೇ, ಬಿಡು’ ಅಂದ. ಬಿಟ್ಟೆ. ಸಖರಾಯಪಟ್ಟಣದಲ್ಲಿ ಚೆಕಿಂಗ್ ಹತ್ತಿತು. ಮೆಮೊ ನನಗೆ. ಮಷಿನ್ ಇರುವುದು ನನ್ನ ಕೈಯಲ್ಲಿ ಅಲ್ವಾ.

ಆದರೆ ಒಂದು ಮಾತು. ಆ ಡ್ರೈವರ್ ಮಾರನೇ ದಿನ ತಾನೇ ಆಫೀಸಿಗೆ ಬಂದು ‘ನಾನು ಹೇಳಿದ್ದಕ್ಕೆ ಅವನು ಬಿಟ್ಟಿದ್ದು’ ಅಂತ ಬರೆದುಕೊಟ್ಟ. ನನ್ನ ಮೆಮೊ ಹೋಗಲಿಲ್ಲ, ಅದು ನನ್ನದೇ ತಪ್ಪು. ಆದರೂ ಅವನ ಮೇಲೆ ನನಗೆ ಇವತ್ತಿಗೂ ಬೇಜಾರಿಲ್ಲ. ಈಗ ಅವನ ಕಡೆಯವರು ಯಾರೇ ಹತ್ತಲಿ, ಅವನೇ ಹಿಂದೆ ತಿರುಗಿ ‘ಟಿಕೆಟ್ ತಗೊಳ್ಳಿ’ ಅನ್ನುತ್ತಾನೆ.

ಅಕ್ಕ, ನಿಮ್ಮ ಗೆಳತಿ ಹಾಗೆ ಬಂದು ನಿಲ್ಲುತ್ತಾರಾ ಅಂತ ಮೊದಲು ಕೇಳಿ ನೋಡಿ.

ಕಿಟಕಿ_ಸೀಟು | 11:26

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಹೊಲಿಗೆ_ಲೈನ್ ಅವರೇ, ನಿಮ್ಮ ಪ್ರಶ್ನೆ ಚುಚ್ಚಿತು. ಹೌದು, ಬೇರೆ ಇಬ್ಬರು ಇದ್ದಾರೆ. ಅವರಲ್ಲಿ ಒಬ್ಬ ಡಿಸೆಂಬರಿನಲ್ಲಿ ತೂಕದ ಚೀಟಿಯಲ್ಲಿ ಒಂದು ಅಂಕಿ ತಪ್ಪು ಬರೆದಾಗ ನಾನೇ ಮ್ಯಾನೇಜರಿಗೆ ಹೇಳಿದ್ದೆ.

ಇನ್ನೊಂದು ವಿಷಯ ಮೊದಲು ಬರೆಯಲಿಲ್ಲ, ಈಗ ಹೇಳುತ್ತೇನೆ. ನಾನು ಆ ಒಂದು ಸಾಲಿಗೆ ಮಾತ್ರ ನೋಡದೆ ಸಹಿ ಹಾಕಿದ್ದಲ್ಲ. ಸೀಸನ್‌ನಲ್ಲಿ ಸಂಜೆ ಬಸ್ಸಿಗೆ ಹೊತ್ತಾಗುತ್ತದೆ ಅಂತ ಅವಳು ಬರೆದ ಇಡೀ ಪುಟಕ್ಕೆ ಒಟ್ಟಿಗೇ ಸಹಿ ಹಾಕುತ್ತಿದ್ದೆ. ಬೇರೆ ಇಬ್ಬರದನ್ನು ಮಾತ್ರ ಸ್ಯಾಂಪಲ್ ತಟ್ಟೆ ತರಿಸಿ ನೋಡುತ್ತಿದ್ದೆ.

ಪಲ್ಪರ್_ಮನೆ | 11:33

ಹಾಗಾದರೆ ಅವಳಿಗಿಂತ ನಿಮ್ಮ ತಪ್ಪು ದೊಡ್ಡದು. ಕೋಪ ಮಾಡಿಕೊಳ್ಳಬೇಡಿ.

ಮುಳ್ಳಯ್ಯನಗಿರಿ_ಗಾಳಿ | 11:35

ಇಷ್ಟು ಹೊತ್ತಿನಲ್ಲಿ ಅವರ ಮೇಲೆ ಏರಿ ಹೋಗುವುದು ಬೇಡ ಸರ್. ನಿಜ ಒಪ್ಪಿಕೊಂಡರಲ್ಲ. ನಾನೂ ಮೊದಲು ಹೇಳಿದ್ದನ್ನು ಹಿಂದಕ್ಕೆ ತಗೊಳ್ಳುತ್ತೇನೆ. ಮೀಟರ್ ಕಥೆ ಬೇಡ ಅಕ್ಕ.

ಲ್ಯಾಬಿನ_ತಟ್ಟೆ | ಶನಿವಾರ ಬೆಳಿಗ್ಗೆ 7:05

ಮೀಟರ್ ಕಥೆ ನಿಲ್ಲುವುದೂ ಇಲ್ಲ. ಅದೇ ದಿನ ಅದೇ ಮೀಟರಿನಲ್ಲಿ ಬೇರೆ ಲಾಟ್‌ಗಳನ್ನೂ ನೋಡಿರುತ್ತೀರಿ. ಮೀಟರ್ ಕೆಟ್ಟಿದ್ದರೆ ಅವೆಲ್ಲವೂ ತಪ್ಪಾಗಬೇಕು. ಆ ಚೀಲಗಳನ್ನು ತೆಗೆಸಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬೇಕಾದರೆ 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ ತೂಕ ನೋಡುತ್ತಾರೆ. ಅದರ ಮುಂದೆ ಯಾವ ಮೀಟರೂ ಮಾತಾಡುವುದಿಲ್ಲ.

ಪಲ್ಪರ್_ಮನೆ | 7:20

ಮೀಟರ್ ಬಿಸಿಯಾಗಿದ್ದರೆ ಬೇರೆ ಅಂಕಿ, ತಣ್ಣಗಿದ್ದರೆ ಬೇರೆ ಅಂಕಿ ಕೊಡುತ್ತದೆ ಅನ್ನುವುದು ನಿಜ ತಾನೇ? ನನ್ನ ಕಣದಲ್ಲಿ 10.8 ತೋರಿಸಿದ್ದು ಕ್ಯೂರಿಂಗ್‌ನಲ್ಲಿ 11.3 ಬಂದಿತ್ತು.

ಲ್ಯಾಬಿನ_ತಟ್ಟೆ | 7:31

ಕಣದ ಬಿಸಿಲಿನಿಂದ ನೇರ ತಂದ ಬೀಜವನ್ನು ಹಾಕಬೇಡಿ. ನೆರಳಿನಲ್ಲಿ ತಣಿಯಲು ಬಿಡಿ. ಪಾರ್ಚ್‌ಮೆಂಟಿಗೆ, ಚೆರಿಗೆ (ಇಡೀ ಹಣ್ಣನ್ನೇ ಒಣಗಿಸಿದ್ದಕ್ಕೆ) ಸೆಟ್ಟಿಂಗ್ ಬೇರೆ ಬೇರೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಒಂದೇ ಚೀಲದಿಂದ ಹಿಡಿ ತೆಗೆದರೂ ಹೀಗೆ ಆಗುತ್ತದೆ. ಹಲವು ಚೀಲದಿಂದ ತೆಗೆದು ಬೆರೆಸಿ.

ಪಲ್ಪರ್_ಮನೆ | 7:34

ತಣಿಸಿ ನೋಡುತ್ತೇನೆ. ಇವತ್ತು ಕಣದಲ್ಲಿ ಚೆರಿ ಇದೆ.

ಚೆಕ್‌ರೋಲ್ | 8:02

ನಾನು ಮೂಡಿಗೆರೆ ಕಡೆ ತೋಟದಲ್ಲಿ ರೈಟರ್. ನಮ್ಮದು ಇನ್ನೂ ಕಷ್ಟ. ಮೇಸ್ತ್ರಿ, ಆಳುಗಳು, ನಾನು ಎಲ್ಲ ಒಂದೇ ಲೈನ್ ಮನೆಗಳ ಸಾಲಿನಲ್ಲಿ ಇರುವವರು. ಬೆಳಿಗ್ಗೆ ಅವರ ಮನೆಯ ಕಾಫಿ ಕುಡಿದು ಸಂಜೆ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಅವರ ಹಾಜರಿ ಬರೆಯಬೇಕು. ಬಿ_ಎಂ_ರಸ್ತೆಯವರೇ, ‘ಸ್ನೇಹ ಬೇಡ’ ಅಂತ ನೀವು ಆಫೀಸಿನಲ್ಲಿ ಕೂತು ಹೇಳಬಹುದು. ಇಲ್ಲಿ ರಾತ್ರಿ ಜ್ವರ ಬಂದರೆ ಜೀಪು ತರುವವನು ಅದೇ ಮೇಸ್ತ್ರಿ.

ಅದಕ್ಕೆ ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ಪುಸ್ತಕ ತೆರೆದಾಗ ಎಲ್ಲರ ಎದುರಿಗೇ ಬರೆಯುತ್ತೇನೆ, ಗಟ್ಟಿಯಾಗಿ ಓದುತ್ತೇನೆ. ‘ಇವನು ಅರ್ಧ ದಿನ’ ಅಂತ ಎಲ್ಲರ ಕಿವಿಗೂ ಬೀಳುತ್ತದೆ. ಹಣ್ಣು ಕೊಯ್ಲಿನ ತೂಕವೂ ಹಾಗೆಯೇ, ಕಾಟಾದ ಮುಂದೆ ನಿಂತವರೇ ಅಂಕಿ ಹೇಳಬೇಕು. ಆಗ ಗೆಳೆಯನೂ ‘ಒಂದು ಪೂರ್ತಿ ದಿನ ಹಾಕಿಬಿಡು’ ಅಂತ ಗುಟ್ಟಾಗಿ ಕೇಳುವ ಹಾಗಿಲ್ಲ. ಕಡಿಮೆ ಬಿದ್ದರೆ ನನ್ನ ಸ್ವಂತ ಜೇಬಿನಿಂದ ನೂರಿನ್ನೂರು ಕೊಟ್ಟಿದ್ದೇನೆ. ಜೇಬು ನನ್ನದು, ಚೆಕ್‌ರೋಲ್ ನನ್ನದಲ್ಲ.

ಹೊಲಿಗೆ_ಲೈನ್ | 8:15

ಚೆಕ್‌ರೋಲ್ ಅಣ್ಣ, ನಿಮ್ಮ ಕೊನೆಯ ಮಾತನ್ನು ನಮ್ಮ ಲೈನಿನಲ್ಲಿ ಹೇಳುತ್ತೇನೆ. ನಾನೂ ಆಮೇಲೆ ಕೆಲಸ ಹಂಚುವುದನ್ನು ವಾರಕ್ಕೊಮ್ಮೆ ಬದಲಿಸಿ ಬೋರ್ಡಿನಲ್ಲಿ ಬರೆದೆ. ಗೆಳತಿ ಎರಡು ವಾರ ಮಾತು ಬಿಟ್ಟಳು. ಮೂರನೇ ವಾರ ಅವಳ ಕತ್ತಿಗೆ ನಾನೇ ಎಣ್ಣೆ ತಂದುಕೊಟ್ಟೆ. ಹಾಸನಾಂಬೆ ದರ್ಶನಕ್ಕೆ ಮತ್ತೆ ಜೊತೆಯಲ್ಲೇ ಸಾಲಿನಲ್ಲಿ ನಿಂತೆವು.

ಸಕಲೇಶಪುರ_ಸಂಜೆ | 8:19

ಎಷ್ಟು ಗಂಟೆ ನಿಂತಿರಿ? ನಾವು ಬೆಳಗಿನ ಜಾವ ಬಂದರೂ ಅರ್ಧ ದಿನ ಹೋಯಿತು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದು, ಹೋಗದೆ ಇರಲೂ ಆಗುವುದಿಲ್ಲ.

ಹೊಲಿಗೆ_ಲೈನ್ | 8:22

ಆರು ಗಂಟೆ. ಅಷ್ಟೂ ಹೊತ್ತು ಮಾತು ಮುಗಿಯಲಿಲ್ಲ.

ನಿವೃತ್ತ_ಕ್ಯಾಷಿಯರ್ | 9:40

ವಿಷಯಕ್ಕೆ ಬರೋಣ. ಮಗಳೇ, ಸೋಮವಾರದವರೆಗೆ ಕಾಯಬೇಡಿ. ಇವತ್ತೋ ನಾಳೆಯೋ ಅವಳ ಮನೆಗೆ ಹೋಗಿ, ಫೋನಿನಲ್ಲಿ ಬೇಡ. ‘ನಾನು ಸುಳ್ಳು ಹೇಳುವುದಿಲ್ಲ’ ಅಂತ ಮೊದಲೇ ಹೇಳಿಬಿಡಿ. ಮ್ಯಾನೇಜರ್ ಮುಂದೆ ನಿಮ್ಮ ಬಾಯಿಂದ ಮೊದಲ ಸಲ ಕೇಳಿದರೆ ಅವಳಿಗೆ ಬೆನ್ನಿಗೆ ಚೂರಿ ಹಾಕಿದಂತೆ. ಎರಡನೆಯದು, ನೀವು ನಿಮ್ಮ ಸಹಿಯ ಬಗ್ಗೆ ಮಾತ್ರ ಹೇಳಿ. ಅಳತೆಯ ಬಗ್ಗೆ ಹೇಳುವ ಅವಕಾಶ ಅವಳಿಗೇ ಬಿಡಿ.

ಬಿ_ಎಂ_ರಸ್ತೆ | 9:48

ಅವಳು ಹೇಳದಿದ್ದರೆ? ಎಲ್ಲ ಇವರ ತಲೆಗೆ.

ನಿವೃತ್ತ_ಕ್ಯಾಷಿಯರ್ | 9:55

ಮ್ಯಾನೇಜರ್ ನೇರವಾಗಿ ಕೇಳಿದರೆ ಇವರು ಇದ್ದದ್ದನ್ನು ಹೇಳಲಿ. ತಾವಾಗಿ ಓಡಿಹೋಗಿ ಮೊದಲು ಅವಳ ಹೆಸರು ಹೇಳುವುದು ಬೇಡ ಅಂದೆ ಅಷ್ಟೇ.

ಬಿ_ಎಂ_ರಸ್ತೆ | 10:01

ನಾನು ಒಪ್ಪುವುದಿಲ್ಲ. ಇನ್‌ಚಾರ್ಜ್ ಆದವರು ಇಡೀ ವಿಷಯ ಹೇಳಬೇಕು. ಸಂಬಳ ಅದಕ್ಕೇ ಕೊಡುವುದು. ಡಿಸೆಂಬರಿನಲ್ಲಿ ಆ ಹುಡುಗನ ತಪ್ಪನ್ನು ಅವಕಾಶ ಕೊಟ್ಟು ಹೇಳಿಸಿದರಾ?

ಕಿಟಕಿ_ಸೀಟು | 10:20

ಇಲ್ಲ, ಕೊಡಲಿಲ್ಲ. ಅವನಿಗೂ ಕೊಡಬೇಕಿತ್ತು. ನಾಳೆ ವಸ್ತಾರೆಗೆ ಹೋಗುತ್ತೇನೆ.

ಕಿಟಕಿ_ಸೀಟು | ಸೋಮವಾರ ರಾತ್ರಿ 8:47

ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು. ಏನಾಯಿತು ಅಂತ ಹೇಳುತ್ತೇನೆ.

ಭಾನುವಾರ ಅವಳ ಮನೆಗೆ ಹೋದೆ. ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ನಾನು ಹೇಳಿದ ತಕ್ಷಣ ಕೈ ನಿಲ್ಲಿಸಿದಳು. ‘ನಿನಗೆ ಇನ್‌ಚಾರ್ಜ್ ಪೋಸ್ಟು ಮುಖ್ಯ’ ಅಂದಳು. ಬಹಳ ನೋವಾಯಿತು. ‘ನಾನು ನಿನ್ನ ಪುಟ ನೋಡದೆ ಸಹಿ ಹಾಕಿದ್ದು ನಿನಗೂ ಮಾಡಿದ ಮೋಸ. ನೋಡಿದ್ದರೆ ಅವತ್ತೇ ಹಿಡಿಯುತ್ತಿದ್ದೆ, ಅಲ್ಲಿಗೇ ಮುಗಿಯುತ್ತಿತ್ತು’ ಅಂದೆ. ಅವಳು ಏನೂ ಹೇಳಲಿಲ್ಲ. ರೊಟ್ಟಿ ಮಾತ್ರ ಹಾಕಿದಳು. ಇಬ್ಬರೂ ಮಾತಿಲ್ಲದೆ ತಿಂದೆವು.

ಇವತ್ತು ಬೆಳಿಗ್ಗೆ ನಾನು ಮೊದಲು ಮಾತಾಡಿದೆ. ‘ಸರ್, ನಾನು ನೋಡದೆ ಸಹಿ ಹಾಕಿದ್ದೇನೆ, ಈ ಲಾಟಿಗೆ ಮಾತ್ರ ಅಲ್ಲ’ ಅಂದೆ. ಅವರು ಅವಳ ಕಡೆ ತಿರುಗಿದರು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ನಾನು ಮೀಟರಿಗೆ ಹಾಕಲಿಲ್ಲ ಸರ್’ ಅಂದಳು.

ಇಬ್ಬರಿಗೂ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಅವಳನ್ನು ಗ್ರೇಡಿಂಗ್ ವಿಭಾಗಕ್ಕೆ ಹಾಕಿದ್ದಾರೆ. ಜನವರಿಯಲ್ಲಿ ನಾನು ಸಹಿ ಹಾಕಿದ ಅವಳ ಎಲ್ಲ ಲಾಟ್‌ಗಳನ್ನೂ ಈ ವಾರ ನಾನೇ ಮತ್ತೆ ಅಳೆಯಬೇಕು. ಆ 200 ಚೀಲವನ್ನು ಕಣಕ್ಕೆ ಇಳಿಸಿ ಒಣಗಿಸುತ್ತಿದ್ದಾರೆ. ತೋಟದವರಿಗೆ ಮ್ಯಾನೇಜರೇ ಫೋನ್ ಮಾಡಿ ಹೇಳಿದರು.

ಸಂಜೆ ಡಿಸೆಂಬರಿನ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ‘ಬಿಡಿ ಅಕ್ಕ’ ಅಂದ.

ಪಲ್ಪರ್_ಮನೆ | 8:55

ತೋಟದವನಿಗೆ ಮೊದಲೇ ಫೋನ್ ಮಾಡಿದ್ದು ಬಹಳ ಒಳ್ಳೆಯದಾಯಿತು. ನನಗೆ ಹಾಗೆ ಯಾರಾದರೂ ಹೇಳಿದ್ದರೆ ನಾನು ಜನ್ಮದಲ್ಲಿ ಬೇರೆ ಕಡೆ ಮಾಲು ಹಾಕುತ್ತಿರಲಿಲ್ಲ.

ಹೇಮಾವತಿ_ದಡ | 9:02

ನಾನು ಸೊಸೈಟಿಗೆ ಹೋಗಿದ್ದೆ. ಒಬ್ಬರದು ನಾಲ್ಕು ಕಂತು ಬಾಕಿ ಇದೆ. ನಾಳೆ ಅವರ ಹತ್ತಿರವೇ ಕೂತು ಮಾತಾಡುತ್ತೇನೆ. ಬಿ_ಎಂ_ರಸ್ತೆ ಸರ್, ಥ್ಯಾಂಕ್ಸ್.

ರೈಟ್_ರೈಟ್ | 9:10

ಬಸ್ಸಿನಲ್ಲಿ ಜೊತೆಗೆ ಬಂದರಾ ಅಕ್ಕ?

ಕಿಟಕಿ_ಸೀಟು | 9:14

ಬೆಳಿಗ್ಗೆ ಪಕ್ಕದಲ್ಲಿ ಬ್ಯಾಗ್ ಇಟ್ಟಿದ್ದೆ. ವಸ್ತಾರೆಯಲ್ಲಿ ಹತ್ತಿ ಹಿಂದೆ ಹೋಗಿ ನಿಂತಳು. ಸಂಜೆ ಬಸ್ಸಿನಲ್ಲಿ ಕಾಣಲಿಲ್ಲ.

ಹೊಲಿಗೆ_ಲೈನ್ | 9:16

ನಾಳೆಯೂ ಇಡಿ.

ಕಿಟಕಿ_ಸೀಟು | ಮುಂದಿನ ಬುಧವಾರ ಸಂಜೆ 7:30

ಒಂಬತ್ತು ದಿನವಾಯಿತು. ಅವಳ ಜನವರಿಯ ಲಾಟ್‌ಗಳನ್ನೆಲ್ಲ ಅಳೆದು ಮುಗಿಸಿದೆ. 200 ಚೀಲದ ಅದೊಂದನ್ನು ಬಿಟ್ಟು ಎಲ್ಲವೂ ಅವಳು ಬರೆದ ಅಂಕಿಗೆ ಸರಿಯಾಗಿವೆ. ಮಧ್ಯಾಹ್ನ ಗ್ರೇಡಿಂಗ್ ವಿಭಾಗಕ್ಕೆ ಹೋಗಿ ಆ ಪಟ್ಟಿಯನ್ನು ಅವಳಿಗೆ ತೋರಿಸಿದೆ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಆಮೇಲೆ ‘ಊಟ ಆಯ್ತಾ?’ ಅಂತ ಕೇಳಿದಳು. ಆಗಿತ್ತು. ಆದರೂ ‘ಇಲ್ಲ’ ಅಂದೆ.